ಹೆಸರುಪಟ್ಟಿಯ ಹಿಂದಿನ ಕಥೆ

ಸ್ಮರಣ ಸಂಚಿಕೆ ಕೈಗೆ ಬಂದೊಡನೆ ನಮ್ಮಲ್ಲಿ ಅನೇಕರು ಮೊದಲು ಹುಡುಕುವುದು ಸದಸ್ಯರ ಪಟ್ಟಿಯನ್ನು. ನಮ್ಮ ಹೆಸರು ಸರಿಯಾಗಿ ಅಚ್ಚಾಗಿದೆಯೇ, ನಮ್ಮೂರಿನ ಕಡೆಯವರು ಯಾರಾದರೂ ಹೊಸದಾಗಿ ಸೇರಿದ್ದಾರೆಯೇ ಎಂದು ಕಣ್ಣಾಡಿಸುತ್ತೇವೆ. ಹೀಗೆ ಸಂಘದ ಪಟ್ಟಿಯಲ್ಲಿ ನಿರ್ಭಯವಾಗಿ ಹೆಸರು ಕೊಡುವುದು ಎಲ್ಲ ಕಾಲಕ್ಕೂ ಎಲ್ಲರಿಗೂ ದಕ್ಕಿದ ಭಾಗ್ಯವಲ್ಲ.

ನಮ್ಮ ನಾಡಿನಲ್ಲೇ ನೋಡಿ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ನಿಷೇಧವನ್ನು ಲೆಕ್ಕಿಸದೆ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅನಂತರವಷ್ಟೇ ದಿವಾನ್ ಮಿರ್ಜಾ ಇಸ್ಮಾಯಿಲರು ಸರ್ದಾರ್ ಪಟೇಲರೊಡನೆ ಮಾತುಕತೆ ನಡೆಸಿ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ನೀಡಿದರು.

ನಾವೀಗ ನೆಲೆಸಿರುವ ಊರಿಗೂ ಇಂಥದೊಂದು ಕಥೆಯಿದೆ. 1913ರಲ್ಲಿ ಭಾರತೀಯ ವಲಸಿಗರು ಸ್ಯಾನ್ ಫ್ರಾನ್ಸಿಸ್ಕೋದಿಂದ 'ಗದರ್' ಪತ್ರಿಕೆ ಹೊರಡಿಸಿದರು. ಬ್ರಿಟಿಷರ ಬೇಹುಗಾರರು ಅವರ ಸಭೆಗಳ ಮೇಲೆ ಕಣ್ಣಿಟ್ಟರು. 1917-18ರಲ್ಲಿ ಇಲ್ಲಿಯೇ ನಡೆದ ಮೊಕದ್ದಮೆಯಲ್ಲಿ, ಜರ್ಮನರೂ ಸೇರಿದಂತೆ, 29 ಮಂದಿಗೆ ಶಿಕ್ಷೆಯಾಯಿತು. ಆಯುಧ ಸಾಗಿಸುವ ಸಂಚು ನಡೆದದ್ದು ನಿಜ. ಆದ್ದರಿಂದ ಅದು ಬರೀ ಸಂಘ ಕಟ್ಟಿದ್ದಕ್ಕೆ ಆದ ಶಿಕ್ಷೆಯಲ್ಲ. ಆದರೂ ಸಭೆಗೆ ಹೋದವನ ಹೆಸರನ್ನು ಯಾರೋ ಗುಟ್ಟಾಗಿ ಬರೆದುಕೊಳ್ಳುತ್ತಾರೆಂಬ ಅಂಜಿಕೆ ಎಂಥದೆಂದು ಊಹಿಸಬಹುದು.

ಈ ಅಂಜಿಕೆಗೆ ಮದ್ದು ತಂದವರು ಅಮೆರಿಕದ ಕಪ್ಪು ಜನರು. 1956ರಲ್ಲಿ ಅಲಬಾಮಾ ಸರ್ಕಾರ ಅವರ ಎನ್.ಎ.ಎ.ಸಿ.ಪಿ. ಸಂಸ್ಥೆಯ ಸದಸ್ಯರ ಪಟ್ಟಿ ಕೇಳಿತು. ಹೆಸರು ಹೊರಬಿದ್ದರೆ ಕೆಲಸಕ್ಕೆ ಕುತ್ತು, ಜೀವಕ್ಕೂ ಅಪಾಯ. ಸಂಸ್ಥೆ ಪಟ್ಟಿ ಕೊಡಲಿಲ್ಲ. ಅಲ್ಲಿನ ನ್ಯಾಯಾಲಯ ಒಂದು ಲಕ್ಷ ಡಾಲರ್ ದಂಡ ಹಾಕಿತು. ಕೊನೆಗೆ 1958ರ ಜೂನ್ 30ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ರೋಗಿಯ ಗುಟ್ಟು ಕಾಯದೆ ವೈದ್ಯವೃತ್ತಿ ನಡೆಯದು. ಸದಸ್ಯರ ಗುಟ್ಟಿಗೆ ರಕ್ಷಣೆಯಿಲ್ಲದೆ ಸಂಘದ ಸ್ವಾತಂತ್ರ್ಯವೂ ಉಳಿಯದು.

ಭಾರತದ ಸಂವಿಧಾನ 19(1)(ಸಿ) ವಿಧಿಯಲ್ಲಿ ಸಂಘ ಕಟ್ಟುವ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಸಂವಿಧಾನದಲ್ಲಿ ಸಭೆ ಸೇರುವ ಮಾತುಂಟು, ಸಂಘ ಕಟ್ಟುವ ಮಾತಿಲ್ಲ. ಅದನ್ನು ಇಂಥ ತೀರ್ಪುಗಳೇ ಗಟ್ಟಿಮಾಡಿದವು. ಅದೇ ಹೋರಾಟದ ಕಾಲದಲ್ಲಿ ಬಂದ 1965ರ ವಲಸೆ ಕಾನೂನು ನಮಗೂ ಬಾಗಿಲು ತೆರೆಯಿತೆಂಬುದನ್ನು ಮರೆಯಬಾರದು.

ಒಂದು ಭಾನುವಾರ ಮಕ್ಕಳನ್ನು 5, ವುಡ್ ಸ್ಟ್ರೀಟಿನ ಗದರ್ ಸ್ಮಾರಕಕ್ಕೆ ಕರೆದೊಯ್ಯಿರಿ. ಬಂದ ಮೇಲೆ ಈ ಸಂಚಿಕೆಯಲ್ಲಿ ಅವರ ಹೆಸರು ತೋರಿಸಿ, ಅದು ಇಲ್ಲಿ ನಿಶ್ಚಿಂತೆಯಿಂದ ಅಚ್ಚಾದದ್ದು ಯಾರ ಋಣದಿಂದ ಎಂದು ತಿಳಿಸಿಹೇಳಿ.