ಸಿಮೆಂಟ್ ಸಾಗಣೆ: ಗೂಡ್ಸ್ ರೈಲಿನಿಂದ ಲಾರಿಗೆ
ಭಾರತದಲ್ಲಿ ಕಟ್ಟಡ ಸಾಮಗ್ರಿ ರೈಲಿನಿಂದ ಲಾರಿಗೆ ಹೊರಳಿದ್ದು ಎದ್ದು ಕಾಣುವುದು ಸಿಮೆಂಟಿನಲ್ಲಿ. ಸರ್ಕಾರಿ ಹಂಚಿಕೆಯ ಕಾಲದಲ್ಲಿ ಅದು ಬಹುಪಾಲು ರೈಲಿನಲ್ಲೇ ಹೋಗುತ್ತಿತ್ತು. ಆ ಸರ್ಕಾರಿ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ತೆರವಾಯಿತು. ಅತ್ತ ರೈಲ್ವೆ ಬಿಡಿ ವ್ಯಾಗನ್ನುಗಳನ್ನು ಕಡೆಗಣಿಸಿ ಇಡೀ ರೇಕಿಗೆ ಆದ್ಯತೆ ಕೊಟ್ಟಿತು. ರೇಕ್ ಎಂದರೆ ವ್ಯಾಗನ್ನುಗಳ ಇಡೀ ಸಾಲು, 2,000 ಟನ್ನಿಗೂ ಮೀರಿದ ಸರಕು. ಸಣ್ಣ ವ್ಯಾಪಾರಿಗೆ ಅದು ನಿಲುಕದು. ಗೂಡ್ಸ್ ಶೆಡ್ಡಿನಲ್ಲಿ ಹಮಾಲರು ಚೀಲ ಇಳಿಸಿದ ಮೇಲೂ ಅಂಗಡಿಗೆ ಒಯ್ಯಲು ಲಾರಿಯೇ ಬೇಕು. ಎರಡೆರಡು ಸಲ ಎತ್ತಿಳಿಸಿದರೆ ಚೀಲ ಹರಿಯುತ್ತದೆ, ಕೂಲಿ ಏರುತ್ತದೆ. ಜಲ್ಲಿ, ಮರಳಿಗಂತೂ ಕ್ವಾರಿಯಿಂದ ಕೆಲಸದ ಜಾಗಕ್ಕೆ ದೂರ ಕಡಿಮೆ, ಟಿಪ್ಪರೇ ಸಾಕು. ಮಿತಿಮೀರಿ ತುಂಬಿದ ಈ ವಾಹನಗಳು ಹಳ್ಳಿ ರಸ್ತೆಗಳನ್ನು ಹಾಳುಗೆಡವಿದ್ದು ಚಿಕ್ಕ ನಷ್ಟವಲ್ಲ. ಆದರೂ ರೈಲು ಪೂರ್ತಿ ಮರೆಯಾಗಿಲ್ಲ: ಕಲಬುರಗಿ ಜಿಲ್ಲೆಯ ವಾಡಿಯಂಥ ಸಿಮೆಂಟ್ ಊರುಗಳಿಂದ ದೂರದ ಪೇಟೆಗಳಿಗೆ ಇಂದಿಗೂ ರೇಕುಗಳು ಹೊರಡುತ್ತವೆ.