ಬಡಾವಣೆಯೊಳಗಿನ ಹಿರಿಯರ ಮನೆ: ಜಾನಪದ ಹಿನ್ನೆಲೆಯಲ್ಲೊಂದು ಚಾರಿತ್ರಿಕ ಅವಲೋಕನ

‘ವೃದ್ಧಾಶ್ರಮ’ ಎಂಬ ಪದವು ಇಂದು ಕನ್ನಡದಲ್ಲಿ ಬಳಕೆಯ ಮಾತಾಗಿದೆ. ಆದರೆ ಈ ಪದದೊಳಗೆ ಒಂದು ಕಾಡು ಅಡಗಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆಶ್ರಮವೆಂದೊಡನೆ ಊರಾಚೆಯ ತಪೋವನ, ಮರದ ನೆರಳು, ಲೌಕಿಕವನ್ನು ಬಿಟ್ಟು ನಡೆದವರ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ‘ಕಾಡು ಬಾ ಅನ್ನುತ್ತೆ, ಊರು ಹೋಗು ಅನ್ನುತ್ತೆ’ ಎಂದು ನಮ್ಮ ಜನಪದರು ಮುಪ್ಪನ್ನು ವರ್ಣಿಸುವಾಗಲೂ ಇದೇ ಚಿತ್ರ ಬೇರೊಂದು ಧಾಟಿಯಲ್ಲಿ ಮೈದೋರುತ್ತದೆ. ಅಲ್ಲಿನ ಕಾಡು ತಪೋವನವಲ್ಲ, ಸುಡುಗಾಡು. ಹೀಗಿರುವಾಗ ಏಳೆಂಟು ಮಂದಿ ಹಿರಿಯರು ಊರ ನಡುವಿನ ಬಡಾವಣೆಯೊಂದರಲ್ಲಿ, ಎಲ್ಲರ ಮನೆಗಳಂಥದೇ ಒಂದು ಮನೆಯಲ್ಲಿ, ರಕ್ತಸಂಬಂಧವಿಲ್ಲದೆ ಒಟ್ಟಿಗೆ ಬಾಳತೊಡಗಿದರೆ ಆ ವ್ಯವಸ್ಥೆಯನ್ನು ಏನೆಂದು ಕರೆಯಬೇಕು? ಈ ಸಣ್ಣ ಮನೆಯ ಚರಿತ್ರೆಯನ್ನೂ, ಅದನ್ನು ಎದುರುಗೊಳ್ಳುವ ನೆರೆಹೊರೆಯ ನಂಬಿಕೆಗಳನ್ನೂ ಒಟ್ಟಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. ಹಿಂದೆ ಅವಿಭಕ್ತ ಕುಟುಂಬದಲ್ಲಿ ಮುದುಕರೆಲ್ಲ ಸುಖವಾಗಿದ್ದರು, ನಗರ ಬಂದು ಅದನ್ನು ಕೆಡಿಸಿತು ಎಂಬ ಮಾತು ವಿಚಾರಗೋಷ್ಠಿಗಳಲ್ಲಿ ಪದೇಪದೇ ಕೇಳಿಬರುತ್ತದೆ. ಜನಪದ ಆಕರಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ತಾತನಿಗೆ ತೆಂಗಿನ ಕರಟದಲ್ಲಿ ಅನ್ನ ಹಾಕುವ ಮಗ, ಆ ಕರಟವನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ‘ಅಪ್ಪಾ, ನಾಳೆ ನಿನಗೆ ಬೇಕಲ್ಲ’ ಎನ್ನುವ ಮೊಮ್ಮಗ, ಇವರ ಕಥೆ ನಮ್ಮಲ್ಲಿ ಹೇಳಿಕೆಯಲ್ಲಿದೆ. ಇದು ಜಗತ್ತಿನ ಅನೇಕ ಭಾಷೆಗಳಲ್ಲಿ ಸಿಗುವ ಕಥೆ. ಕಥಾವರ್ಗ ಸೂಚಿಯಲ್ಲಿ 980ನೆಯ ಸಂಖ್ಯೆಯಡಿ ಬರುತ್ತದೆ. ಕರಟದ ಜಾಗದಲ್ಲಿ ಕೆಲವೆಡೆ ಮಣ್ಣಿನ ಬಟ್ಟಲು, ಮತ್ತೆ ಕೆಲವೆಡೆ ಮರದ ಬಟ್ಟಲು ಇರುತ್ತದೆ ಅಷ್ಟೆ. ಇದನ್ನು ನೀತಿಕಥೆಯೆಂದು ಓದಿ ಮುಗಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಮುದುಕನನ್ನು ಇಲ್ಲಿ ಯಾರೂ ಮನೆಯಿಂದ ಹೊರಹಾಕಿಲ್ಲ. ಅವನಿಗಾದ ಅವಮಾನವೆಲ್ಲವೂ ಮನೆಯೊಳಗೇ, ಊಟದ ಪಂಕ್ತಿಯಲ್ಲೇ ಆದದ್ದು. ಜಗಲಿಯ ಮೂಲೆ, ಬೇರೆ ತಟ್ಟೆ, ತಡವಾಗಿ ಬರುವ ಊಟ ಇವು ಹಳೆಯ ಕುಟುಂಬದ ಒಳಗಿನ ವೃದ್ಧಾಶ್ರಮಗಳು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಹುಟ್ಟಿದ್ದೂ ಷಷ್ಟ್ಯಬ್ದಿಯನ್ನು ಸಂಭ್ರಮದಿಂದ ಆಚರಿಸಿದ ಅದೇ ಸಮಾಜದಲ್ಲಿ. ಗೌರವ ಮತ್ತು ಬೇಸರ ಒಂದೇ ಸೂರಿನಡಿ ಇದ್ದವು.

ಆದರೂ ಮುದುಕರು ಮನೆಗೆ ಸೇರಿದವರು ಎಂಬುದರಲ್ಲಿ ಸಮಾಜಕ್ಕೆ ಸಂದೇಹವಿರಲಿಲ್ಲ. ಇದಕ್ಕೆ ಶಾಸನವೊಂದರ ಮೌನವೇ ಸಾಕ್ಷಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕೊಂಡಾಡುವ 1162ರ ಶಾಸನವು ಕರ್ನಾಟಕದ ದಾನಧರ್ಮದ ಚರಿತ್ರೆಯಲ್ಲಿ ಸುಪ್ರಸಿದ್ಧವಾದದ್ದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನರ್ತಕರು, ನಾನಾ ಪಂಥಗಳ ಸನ್ಯಾಸಿಗಳು ಇವರಿಗೆಲ್ಲ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧೋಪಚಾರವಿತ್ತೆಂದೂ ಅದು ತಿಳಿಸುತ್ತದೆ. ಈ ದೀರ್ಘ ಪಟ್ಟಿಯಲ್ಲಿ ಮುದುಕರೆಂಬ ಪ್ರತ್ಯೇಕ ವರ್ಗವಿಲ್ಲ. ಕುರುಡನಾದ ಮುದುಕ ಕುರುಡನಾಗಿ, ದಿಕ್ಕಿಲ್ಲದ ಮುದುಕಿ ಅನಾಥೆಯಾಗಿ ಅಲ್ಲಿ ಊಟ ಮಾಡಿರಬಹುದು. ಆದರೆ ವಯಸ್ಸಾದದ್ದು ತಾನೇ ಒಂದು ಕಾರಣವಾಗಿ ಯಾರೂ ಮಠದ ಬಾಗಿಲಿಗೆ ಬರಬೇಕಿರಲಿಲ್ಲ. ಮುಪ್ಪು ಧರ್ಮದ ವಿಷಯವಾಗಿರದೆ ಮನೆಯ ವಿಷಯವಾಗಿತ್ತು ಎಂದು ಇದನ್ನು ಅರ್ಥೈಸಲು ಅವಕಾಶವಿದೆ.

ಮುಪ್ಪನ್ನೇ ಕಾರಣವಾಗಿಟ್ಟುಕೊಂಡ ಸಂಸ್ಥೆಗಳು ನಮ್ಮಲ್ಲಿಗೆ ವಸಾಹತು ಕಾಲದಲ್ಲಿ ಬಂದವು. ‘ಬಡವರ ಕಿರಿಯ ಸಹೋದರಿಯರು’ ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಘ 1882ರಲ್ಲಿ ಕಲ್ಕತ್ತೆಗೂ, 1900ರಲ್ಲಿ ಬೆಂಗಳೂರಿಗೂ ಬಂದು ವೃದ್ಧರ ನಿಲಯಗಳನ್ನು ತೆರೆಯಿತು. ಈ ಸಂಘದ ಮೂಲವನ್ನು ನೋಡಿದರೆ ಅಲ್ಲಿಯೂ ಇರುವುದು ಒಂದು ಸಣ್ಣ ಮನೆಯೇ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಮನೆಗೆಲಸ ಮಾಡಿ ಬದುಕುತ್ತಿದ್ದ ಜಾನ್ ಜ್ಯೂಗಾನ್ ಎಂಬಾಕೆ 1839ರ ಚಳಿಗಾಲದಲ್ಲಿ ಕುರುಡಿಯಾದ ಮುದುಕಿಯೊಬ್ಬಳನ್ನು ತನ್ನ ಬಾಡಿಗೆ ಮನೆಗೆ ಕರೆತಂದು, ತನ್ನ ಹಾಸಿಗೆಯನ್ನು ಅವಳಿಗೆ ಬಿಟ್ಟುಕೊಟ್ಟಳು. ಒಬ್ಬಳು ಇಬ್ಬರಾಗಿ, ಇಬ್ಬರು ಹಲವರಾಗಿ, ಮನೆ ಸಾಲದೆ ದೊಡ್ಡ ಕಟ್ಟಡ ಬಂತು. ಸಂಸ್ಥೆ ಬೆಳೆದಂತೆ ಜ್ಯೂಗಾನಳನ್ನು ಅಧಿಕಾರದಿಂದ ಬದಿಗೆ ಸರಿಸಲಾಯಿತು; ಆಕೆ 1879ರಲ್ಲಿ ತೀರಿಕೊಳ್ಳುವ ವೇಳೆಗೆ ಸಂಸ್ಥಾಪಕಿ ಈಕೆಯೇ ಎಂಬುದು ಕಿರಿಯ ಸನ್ಯಾಸಿನಿಯರಲ್ಲಿ ಹಲವರಿಗೆ ತಿಳಿದಿರಲಿಲ್ಲ. 2009ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು.

ಸಣ್ಣ ಮನೆಯನ್ನು ಸಣ್ಣದಾಗಿಯೇ ಉಳಿಸಿಕೊಳ್ಳಬೇಕೆಂಬ ಪ್ರಯತ್ನಕ್ಕೆ ಇಪ್ಪತ್ತನೆಯ ಶತಮಾನದ ಲಂಡನ್ನಿನಲ್ಲಿ ಒಂದು ಮಹತ್ವದ ನಿದರ್ಶನವಿದೆ. ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನಿನಿಂದ ಬೆಳೆದ ದುಡಿಮೆಮನೆಗಳು ದಿಕ್ಕಿಲ್ಲದ ಮುದುಕರ ಕೊನೆಯ ತಾಣಗಳಾಗಿದ್ದವು. 1948ರ ರಾಷ್ಟ್ರೀಯ ನೆರವು ಕಾಯಿದೆ ಆ ಪದ್ಧತಿಗೆ ತೆರೆ ಎಳೆಯಿತು. ಇಪ್ಪತ್ತೈದು ಮೂವತ್ತು ಜನರ ಸಣ್ಣ ನಿಲಯಗಳು ಬರುತ್ತವೆಂದು ಸಚಿವ ಅನ್ಯೂರಿನ್ ಬೆವನ್ ಭರವಸೆಯನ್ನೂ ಕೊಟ್ಟಿದ್ದರು. ಆದರೆ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ನಿಲಯಗಳಿಗೆ ಸ್ವತಃ ಭೇಟಿ ಕೊಟ್ಟು, 1962ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ರೆಫ್ಯೂಜ್’ ಗ್ರಂಥದಲ್ಲಿ ಬೇರೆಯದೇ ಚಿತ್ರವನ್ನು ಮುಂದಿಟ್ಟರು. ಹಲಗೆಯ ಮೇಲಿನ ಹೆಸರು ಬದಲಾಗಿತ್ತು. ಬಹುಸಂಖ್ಯೆಯ ಮುದುಕರು ಅದೇ ಹಳೆಯ ದುಡಿಮೆಮನೆಗಳ ಸಾಲು ಮಂಚಗಳ ಮೇಲೆಯೇ ಇದ್ದರು.

ಈ ನಡುವೆ 1955ರಲ್ಲಿ ರಿಚರ್ಡ್ ಕಾರ್-ಗೋಮ್ ಎಂಬ ಮೇಜರ್ ಸೈನ್ಯದ ಹುದ್ದೆಗೆ ರಾಜೀನಾಮೆ ಕೊಟ್ಟು, ಲಂಡನ್ನಿನ ಕಾರ್ಮಿಕರ ವಸತಿಯಾದ ಬರ್ಮಂಡ್ಸಿಯಲ್ಲಿ ಮನೆಗೆಲಸದ ಸಹಾಯಕನಾಗಿ ಸೇರಿದರು. ಒಂಟಿ ಮುದುಕರ ಮನೆಗಳಿಗೆ ಹೋಗಿ ನೆಲ ಉಜ್ಜುವುದು ಅವರ ಕೆಲಸ. ಪತ್ರಿಕೆಗಳು ಅವರನ್ನು ‘ನೆಲ ಉಜ್ಜುವ ಮೇಜರ್’ ಎಂದು ಕರೆದವು. ನೆಲ ಕೊಳಕಾಗಿರುವುದಕ್ಕಿಂತ ದಿನವಿಡೀ ಮಾತಿಗೆ ಒಬ್ಬರಿಲ್ಲದಿರುವುದೇ ಆ ಮುದುಕರ ನಿಜವಾದ ಸಂಕಟವೆಂದು ಅವರಿಗೆ ಮನವರಿಕೆಯಾಯಿತು. ಸೈನ್ಯದಿಂದ ಬಂದ ಹಣದಿಂದ ಯೂಜೀನಿಯಾ ರಸ್ತೆಯಲ್ಲಿ ಸಾಧಾರಣವಾದ ಸಾಲುಮನೆಯೊಂದನ್ನು ಕೊಂಡು, ಒಂಟಿ ಹಿರಿಯರನ್ನು ಕರೆದು ಜೊತೆಗಿರಿಸಿಕೊಂಡು, ತಾವೇ ಅಡುಗೆ ಮಾಡಿ ಬಡಿಸಿದರು. 1956ರಲ್ಲಿ ಇದು ಅಬ್ಬೀಫೀಲ್ಡ್ ಸೊಸೈಟಿಯಾಯಿತು. ಅದೇ ಪ್ರದೇಶದ ಒಂದು ರಸ್ತೆಯ ಹೆಸರೇ ಸಂಸ್ಥೆಯ ಹೆಸರಾದುದು ಅರ್ಥಪೂರ್ಣವಾಗಿದೆ. ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಕೋಣೆಯಲ್ಲಿ ಅವರದೇ ಪೀಠೋಪಕರಣ, ಊಟಕ್ಕೆ ಮಾತ್ರ ಒಂದೇ ಮೇಜು, ಮನೆಯನ್ನು ನೋಡಿಕೊಳ್ಳಲು ಒಬ್ಬ ಗೃಹಪಾಲಕಿ, ನಿರ್ವಹಣೆಗೆ ಆ ನೆರೆಹೊರೆಯ ಸ್ವಯಂಸೇವಕರು: ಇಷ್ಟೇ ಅದರ ಸೂತ್ರ. ಹೊಸ ಕಟ್ಟಡ ಕಟ್ಟದೆ, ಬೀದಿಯಲ್ಲಿ ಈಗಾಗಲೇ ಇರುವ ಮನೆಯನ್ನೇ ಬಳಸಿದ್ದು ಇದರ ವೈಶಿಷ್ಟ್ಯ. ಆದರೆ ಇಲ್ಲಿಯೂ ಜ್ಯೂಗಾನಳ ಕಥೆಯೇ ಮರುಕಳಿಸಿತು. ಭಿನ್ನಾಭಿಪ್ರಾಯಗಳಿಂದ ಕಾರ್-ಗೋಮ್ ತಾವೇ ಕಟ್ಟಿದ ಸಂಸ್ಥೆಯಿಂದ ದೂರವಾಗಿ, 1965ರಲ್ಲಿ ಮತ್ತೊಂದು ಸಂಘವನ್ನು ಮೊದಲಿನಿಂದ ಆರಂಭಿಸಿದರು.

ಜಪಾನಿನಲ್ಲಿ 2000ದಲ್ಲಿ ಜಾರಿಗೆ ಬಂದ ದೀರ್ಘಾವಧಿ ಆರೈಕೆ ವಿಮೆಯು ಮರೆವಿನ ಕಾಯಿಲೆಯವರ ಸಣ್ಣ ಮನೆಗಳಿಗೆ ಶಾಸನದ ಮಾನ್ಯತೆ ಕೊಟ್ಟಿತು. ಅಲ್ಲಿ ಒಂದು ಘಟಕದಲ್ಲಿ ಐದರಿಂದ ಒಂಬತ್ತು ಮಂದಿ ಮಾತ್ರ.

ಈಗ ನಮ್ಮ ಕಾನೂನಿನತ್ತ ಬರೋಣ. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 19ನೆಯ ಪ್ರಕರಣವು ಜಿಲ್ಲೆಗೆ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದೆಂದು ಹೇಳುತ್ತದೆ. ಕರ್ನಾಟಕದ ನಿಯಮಾವಳಿ 2009ರಲ್ಲಿ ಬಂತು. ಕೇಂದ್ರ ಸರ್ಕಾರ 1992ರಲ್ಲಿ ಆರಂಭಿಸಿದ ಅನುದಾನ ಯೋಜನೆಯಲ್ಲಿ ವೃದ್ಧಾಶ್ರಮದ ಮೂಲ ಅಳತೆ 25 ಮಂದಿ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿಗೂ ಹೆಚ್ಚು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪ್ರಮಾಣ ಶೇ. 9.5. ಇಷ್ಟು ದೊಡ್ಡ ಸಂಖ್ಯೆಯನ್ನು ಎದುರಿಗಿಟ್ಟುಕೊಂಡ ಸರ್ಕಾರಕ್ಕೆ 150ರ ಲೆಕ್ಕ ಸಹಜವಾಗಿ ತೋರಬಹುದು. ಆದರೆ 150 ಮಂದಿಯ ಕಟ್ಟಡಕ್ಕೆ ಬಡಾವಣೆಯೊಳಗೆ ನಿವೇಶನ ಸಿಗುವುದು ಕಷ್ಟ. ಅದು ಊರಾಚೆಗೇ ಹೋಗಬೇಕು. ‘ಆಶ್ರಮ’ ಎಂಬ ಪದ ಬಯಸಿದ್ದನ್ನು ಸಂಖ್ಯೆಯೂ ಬಯಸಿದಂತಾಯಿತು.

ಇನ್ನೊಂದೆಡೆ ಬಡಾವಣೆಗಳೇ ಮುಪ್ಪಾಗುತ್ತಿವೆ. 1948ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಜಯನಗರದಂಥ ಬಡಾವಣೆಗಳಲ್ಲೂ, ಮೈಸೂರಿನ ಹಳೆಯ ಬಡಾವಣೆಗಳಲ್ಲೂ ನೌಕರಿಯ ಉಳಿತಾಯದಿಂದ ಕಟ್ಟಿದ ಮೂರು ನಾಲ್ಕು ಕೋಣೆಗಳ ಮನೆಗಳಲ್ಲಿ ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಸಣ್ಣ ಹಿರಿಯರ ಮನೆಗಳು ಹುಟ್ಟುತ್ತಿರುವುದು ಇಂಥ ಕಟ್ಟಡಗಳಲ್ಲಿಯೇ. ಮೈಸೂರಿನ ಬಡಾವಣೆಯೊಂದರಲ್ಲಿ ಇಂಥ ಮನೆಯೊಂದನ್ನು ಕ್ಷೇತ್ರಕಾರ್ಯದ ನಿಮಿತ್ತ ಹಲವು ಬಾರಿ ಸಂದರ್ಶಿಸಿದ್ದೇನೆ. ನಲವತ್ತು ಅರವತ್ತರ ನಿವೇಶನದಲ್ಲಿ ಕಟ್ಟಿದ ಮನೆ, ಎಂಟು ಮಂದಿ ನಿವಾಸಿಗಳು, ಅಡುಗೆಯವರೊಬ್ಬರು, ಹಗಲು ರಾತ್ರಿ ಸರದಿಯ ಮೇಲೆ ಇಬ್ಬರು ಆಯಾಗಳು. ಅದನ್ನು ಆರಂಭಿಸಿದ ನಿವೃತ್ತ ದಾದಿ ಬಾಡಿಗೆ ಮನೆಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲೆದಿದ್ದರು. ಬಾಡಿಗೆಯ ಮಟ್ಟಿಗೆ ಯಾವ ಮಾಲೀಕರಿಗೂ ತಕರಾರಿರಲಿಲ್ಲ. ‘ನಮ್ಮನೇಲಿ ಸಾವಾಗೋದು ಬೇಡಮ್ಮ’ ಎಂಬುದೇ ಎಲ್ಲರ ಮಾತಾಗಿತ್ತು.

ಈ ಮಾತನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ಸಂಶೋಧಕನಿಗೆ ಅದು ಸಲ್ಲದು. ಧನಿಷ್ಠಾ ಪಂಚಕವೇ ಮೊದಲಾದ ನಕ್ಷತ್ರಗಳಲ್ಲಿ ಸಾವು ಸಂಭವಿಸಿದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಬೇರೆಡೆ ವಾಸಿಸುವ ರೂಢಿ ಇಂದಿಗೂ ನಮ್ಮ ಅನೇಕ ಸಮುದಾಯಗಳಲ್ಲಿದೆ. ಊರ ಹೊರಗೆ ಸತ್ತವರ ದೇಹವನ್ನು ಊರೊಳಗೆ ತರದಿರುವ ಕಟ್ಟು ಹಲವು ಹಳ್ಳಿಗಳಲ್ಲಿದೆ. ಅಂದರೆ ಸಾವು ಯಾವ ಮನೆಯಲ್ಲಿ ಆಗಬೇಕು, ಯಾರದು ಆಗಬೇಕು ಎಂಬುದಕ್ಕೆ ಜನಪದರಲ್ಲಿ ಖಚಿತವಾದ ವಿಧಿಗಳಿವೆ. ಸ್ವಂತ ಮನೆಯಲ್ಲಿ ಸ್ವಂತದವರ ಸಾವಿಗೆ ಸೂತಕವಿದೆ, ತಿಥಿಯಿದೆ, ಎಡೆಯಿದೆ. ಬಾಡಿಗೆ ಮನೆಯಲ್ಲಿ, ಸಂಬಂಧವಿಲ್ಲದ ಎಂಟು ಮಂದಿಯ ನಡುವೆ ಆಗುವ ಸಾವಿಗೆ ವಿಧಿಯೇ ಇಲ್ಲ. ಮಾಲೀಕರ ಅಂಜಿಕೆಯ ಮೂಲ ಇಲ್ಲಿದೆ. ಕೊನೆಗೆ ಮನೆ ಕೊಟ್ಟವರು ಒಬ್ಬ ವಿಧುರರು. ಕೆಳಗಿನ ಒಂದು ಕೋಣೆ ತಮಗೇ ಇರಲಿ ಎಂಬುದು ಅವರ ಏಕೈಕ ಷರತ್ತು. ಅಲ್ಲಿಗೆ ಅದು ಬಾಡಿಗೆ ಮನೆಯಾಗಿ ಉಳಿಯಲಿಲ್ಲ.

ನಿವಾಸಿಗಳು ತಂದ ವಸ್ತುಗಳು ನನಗೆ ವಿಶೇಷ ಆಸಕ್ತಿಯ ವಿಷಯವಾಗಿದ್ದವು. ದೇವರ ಪಟ, ಔಷಧದ ಡಬ್ಬಿ ಎಲ್ಲರಲ್ಲೂ ಇದ್ದವು. ಮಂಡ್ಯ ಕಡೆಯ ಅಜ್ಜಿಯೊಬ್ಬರು ಮಾತ್ರ ಕುಟ್ಟಾಣಿ ತಂದಿದ್ದರು. ಹಲ್ಲಿಲ್ಲದವರು ಎಲೆ ಅಡಿಕೆ ಕುಟ್ಟಿಕೊಳ್ಳುವ ಈ ಪುಟ್ಟ ಸಾಧನದ ಸದ್ದು ಮೊದಮೊದಲು ಪಕ್ಕದ ಕೋಣೆಯವರ ನಿದ್ದೆ ಕೆಡಿಸಿ ದೂರಿಗೆ ಕಾರಣವಾಯಿತು. ಕೆಲವು ತಿಂಗಳಲ್ಲಿ ಮಧ್ಯಾಹ್ನದ ಊಟದ ನಂತರ ಮೂವರು ಅದರ ಸುತ್ತ ಕೂರತೊಡಗಿದರು. ಹಳ್ಳಿಯ ಜಗಲಿ ಇಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಮರುಹುಟ್ಟು ಪಡೆದಿತ್ತು. ಬಾಗಿಲಿಗೆ ‘ವೃದ್ಧಾಶ್ರಮ’ ಎಂಬ ಹಲಗೆ ಹಾಕಬಾರದೆಂಬುದು ಬೀದಿಯವರ ಬೇಡಿಕೆಯಾಗಿತ್ತು. ಅದು ನಿವಾಸಿಗಳದೂ ಆಗಿದ್ದುದರಿಂದ ಜಗಳವಾಗಲಿಲ್ಲ. ಆಟೋದವರು ಅದನ್ನು ‘ಅಜ್ಜಿ ಮನೆ’ ಎನ್ನುತ್ತಾರೆ. ಕನ್ನಡದಲ್ಲಿ ಅಜ್ಜಿ ಮನೆಯೆಂದರೆ ಬೇಸಗೆ ರಜೆ. ಯಾರೂ ಯೋಚಿಸಿ ಇಟ್ಟ ಹೆಸರಲ್ಲ ಅದು.

ಮನೆ ತೆರೆದ ಎರಡನೆಯ ವರ್ಷ ಅಲ್ಲಿ ಮೊದಲ ಸಾವಾಯಿತು. ಮಗ ಬೇರೆ ದೇಶದಿಂದ ಬರುವವರೆಗೆ ದೇಹವನ್ನು ಆಸ್ಪತ್ರೆಯ ಶೈತ್ಯಾಗಾರಕ್ಕೆ ಒಯ್ಯುವುದೋ ಮನೆಯಲ್ಲೇ ಇರಿಸುವುದೋ ಎಂಬ ಚರ್ಚೆ ನಡೆಯಿತು. ವಿಧುರರಾದ ಮಾಲೀಕರು ಮನೆಯಲ್ಲೇ ಇರಲಿ ಎಂದರು. ಹೆಣ ಎತ್ತುವವರೆಗೆ ಕೇರಿಯಲ್ಲಿ ಒಲೆ ಹಚ್ಚಬಾರದೆಂಬುದು ಹಳ್ಳಿಯ ಕಟ್ಟಳೆ. ಬಡಾವಣೆಯಲ್ಲಿ ಅದನ್ನು ಪಾಲಿಸುವವರಿಲ್ಲ. ಮನೆಮನೆಗೂ ಅನಿಲದ ಒಲೆ, ಅವರವರ ಗಡಿಯಾರ. ಆ ದಿನ ಬೀದಿಯ ಬಹುಪಾಲು ಮನೆಗಳಲ್ಲಿ ಎಂದಿನಂತೆ ಅಡುಗೆಯಾಯಿತು. ಎದುರು ಮನೆಯವರೂ, ಹಲಗೆ ಬೇಡವೆಂದು ಮೊದಲು ಹೇಳಿದ್ದ ಎಡಪಕ್ಕದವರೂ ಒಲೆ ಹಚ್ಚಲಿಲ್ಲ. ಸಂಜೆ ಶವ ಎತ್ತಿದ ಮೇಲೆ ಆ ಎರಡು ಮನೆಗಳಿಂದ ಉಳಿದ ಏಳು ಮಂದಿಗೆ ಅನ್ನ ಸಾರು ಬಂತು.