ರಾಜ್ಯರಹಸ್ಯವೂ ಪ್ರಕಟನೆಯ ಅಪರಾಧವೂ

ರಾಜ್ಯದ ಗುಟ್ಟನ್ನು ಕಾಯುವುದು ಸೇವಕನ ಧರ್ಮ. ಆ ಗುಟ್ಟು ಅನ್ಯಾಯವನ್ನು ಮರೆಮಾಡುವಾಗ ಅದನ್ನು ಬಯಲಿಗಿಟ್ಟವನು ಅಪರಾಧಿಯೆ? ಈ ವಿವಾದವು ಜೂಲಿಯನ್ ಅಸ್ಸಾಂಜನ ಪ್ರಕರಣದಲ್ಲಿ ತೀವ್ರವಾಯಿತು.

ಇರಾಕ್, ಆಫ್ಘಾನಿಸ್ಥಾನಗಳ ಯುದ್ಧಗಳನ್ನು ಕುರಿತ ಅಮೆರಿಕೆಯ ರಹಸ್ಯಪತ್ರಗಳನ್ನು ಆತನ ವಿಕಿಲೀಕ್ಸ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿತು. ಅವನ್ನು ಒದಗಿಸಿದ ಚೆಲ್ಸಿ ಮ್ಯಾನಿಂಗಳಿಗೆ 2013ರಲ್ಲಿ 35 ವರ್ಷಗಳ ಸೆರೆ ವಿಧಿಸಲ್ಪಟ್ಟು, 2017ರಲ್ಲಿ ಅದು ತಗ್ಗಿಸಲ್ಪಟ್ಟಿತು. ಪ್ರಕಾಶಕನ ಮೇಲೆ 1917ರ ಗೂಢಚರ್ಯೆಯ ಶಾಸನದಂತೆ 17 ಆರೋಪಗಳು ಹೊರಿಸಲ್ಪಟ್ಟುದು 2019ರಲ್ಲಿ.

ಆತನನ್ನು ಒಪ್ಪಿಸಬೇಕೆಂದು ಅಮೆರಿಕೆಯು ಬ್ರಿಟನ್ನನ್ನು ಕೇಳಿತು. ರಾಜಕೀಯಾಪರಾಧಕ್ಕಾಗಿ ಯಾರನ್ನೂ ಒಪ್ಪಿಸಕೂಡದೆಂದು ಉಭಯ ರಾಷ್ಟ್ರಗಳ 2003ರ ಒಪ್ಪಂದವೇ ಹೇಳುತ್ತದೆಂದು ಆತನ ವಕೀಲರು ವಾದಿಸಿದರು; ಸೈನ್ಯಕ್ಕೆ ಸುದ್ದಿಯನ್ನಿತ್ತವರ ಹೆಸರುಗಳನ್ನು ಹೊರಗೆಡಹಿ ಅವರ ಪ್ರಾಣಗಳನ್ನು ಅಪಾಯಕ್ಕೊಡ್ಡಿದನೆಂಬುದು ಪ್ರತಿಪಕ್ಷದ ವಾದ. 2021ರ ಜನವರಿಯಲ್ಲಿ ನ್ಯಾಯಾಧೀಶರು ಒಪ್ಪಂದದ ವಾದವನ್ನೂ ಪತ್ರಿಕಾಸ್ವಾತಂತ್ರ್ಯದ ವಾದವನ್ನೂ ತಳ್ಳಿಹಾಕಿದರು. ಆದರೆ ಕೈದಿಯ ಮಾನಸಿಕ ಅಸ್ವಾಸ್ಥ್ಯವನ್ನು ಕಂಡು ಒಪ್ಪಿಸಲು ನಿರಾಕರಿಸಿದರು. ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ಕಡೆಗೆ 2024ರ ಜೂನಿನಲ್ಲಿ ಆತನು ಸೈಪಾನ್ ದ್ವೀಪದ ನ್ಯಾಯಾಲಯದಲ್ಲಿ ಒಂದು ಆರೋಪವನ್ನೊಪ್ಪಿಕೊಂಡನು. ಬೆಲ್ಮಾರ್ಷ್ ಸೆರೆಮನೆಯಲ್ಲಿ ಕಳೆದ ಐದು ವರ್ಷಗಳೇ ಶಿಕ್ಷೆಯೆಂದು ಎಣಿಸಲ್ಪಟ್ಟು, ಆತನು ಸ್ವದೇಶವಾದ ಆಸ್ಟ್ರೇಲಿಯಾವನ್ನು ಸೇರಿದನು.

ಹೀಗೆ ವ್ಯಾಜ್ಯವು ರಾಜಿಯಲ್ಲಿ ಮುಗಿದುದರಿಂದ, ಪ್ರಕಟನೆಯು ಅಪರಾಧವಹುದೆ ಎಂಬ ಮೂಲಪ್ರಶ್ನೆಯು ಪೂರ್ಣ ವಿಚಾರಣೆಯಿಂದ ನಿರ್ಣಯವಾಗಲಿಲ್ಲ. ಇಂತಹ ಪತ್ರಗಳು ಕೈಸೇರುವ ಸಂಪಾದಕನಿಗೆ ಆ ಒಪ್ಪಿಗೆಯೇ ಎಚ್ಚರಿಕೆಯಾಗಿ ಉಳಿದಿದೆ.